ಒಂದೇ ಲಿಂಕಿನಲ್ಲಿ ಹತ್ತು ಊರು: ಜಾವಾ ಸರ್ವರ್‌ಗೆ ಪಟ್ಟಿ ಕಳಿಸುವಾಗ

ಅಡಿಕೆ ದರ ತೋರಿಸುವ ಒಂದು ಪುಟ ಉಂಟು ಎಂದಿಟ್ಟುಕೊಳ್ಳಿ. ಎಡಬದಿಯಲ್ಲಿ ಊರುಗಳ ಸಾಲು: ಬದಿಯಡ್ಕ, ಪೆರ್ಲ, ಕುಂಬಳೆ, ಮುಳ್ಳೇರಿಯಾ. ಅದರ ಕೆಳಗೆ ದರ್ಜೆಗಳು: ಹೊಸತು, ಹಳತು, ಡಬ್ಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟು. ಬೇಕಾದ್ದಕ್ಕೆ ಟಿಕ್ ಹಾಕಿ ‘ತೋರಿಸು’ ಒತ್ತಿದರೆ ಅಷ್ಟರ ದರ ಮಾತ್ರ ಬರಬೇಕು. ಆ ಲಿಂಕನ್ನು ವಾಟ್ಸಾಪ್‌ನಲ್ಲಿ ಭಾವನಿಗೆ ಕಳಿಸಿದರೆ ಅವರ ಫೋನಿನಲ್ಲೂ ಅದೇ ಪಟ್ಟಿ ತೆರೆಯಬೇಕು. ಅಂದರೆ ಆರಿಸಿದ್ದೆಲ್ಲ ಯುಆರ್‌ಎಲ್‌ನಲ್ಲೇ ಇರಬೇಕು. ಕೆಲಸ ಇಷ್ಟೇ, ಆದರೆ ತಪ್ಪುವ ಜಾಗಗಳು ತುಂಬಾ.

(ಕೋಡ್‌ನ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ. ಎಡಿಟರ್‌ಗೆ ಹಾಕುವಾಗ ಇಂಗ್ಲಿಷ್ ಸ್ಪೆಲ್ಲಿಂಗ್ ಹಾಕಿಕೊಳ್ಳಿ.)

ಯುಆರ್‌ಎಲ್‌ಗೆ ಅರೇ, ಲಿಸ್ಟ್ ಯಾವುದೂ ಗೊತ್ತಿಲ್ಲ. ಪ್ರಶ್ನೆ ಚಿಹ್ನೆಯ ನಂತರ ಇರುವುದು ಹೆಸರು-ಬೆಲೆಗಳ ಜೋಡಿಗಳು ಮಾತ್ರ (ಇಲ್ಲಿ ಬೆಲೆ ಎಂದರೆ ದುಡ್ಡಲ್ಲ, ಆ ಹೆಸರಿಗೆ ಕೊಟ್ಟ ವ್ಯಾಲ್ಯೂ). ಒಂದೇ ಹೆಸರು ಎಷ್ಟು ಸಲ ಬೇಕಾದರೂ ಬರಬಹುದು, ಸರ್ವ್‌ಲೆಟ್‌ಗೆ (ಸರ್ವರ್‌ನಲ್ಲಿ ಕೋರಿಕೆಗೆ ಉತ್ತರಿಸುವ ಜಾವಾ ಕೋಡ್) ತಾನಾಗಿ ಅರ್ಥವಾಗುವ ಪಟ್ಟಿ ಅದೊಂದೇ (3, 7, 12 ಊರುಗಳ ಕೋಡ್ ಸಂಖ್ಯೆಗಳು):

/ದರ?ಊರು=3&ಊರು=7&ಊರು=12

ಒಂದೇ ಹೆಸರಿನ ಚೆಕ್‌ಬಾಕ್ಸ್‌ಗಳಿರುವ ಫಾರ್ಮ್, ಅಥವಾ ಹಲವನ್ನು ಆರಿಸಬಹುದಾದ ಸೆಲೆಕ್ಟ್ ಪೆಟ್ಟಿಗೆ, ಜಾವಾಸ್ಕ್ರಿಪ್ಟ್‌ನ ಹಂಗಿಲ್ಲದೆ ಬ್ರೌಸರ್‌ನಿಂದ ಹೀಗೇ ಹೊರಡುತ್ತದೆ. ಸರ್ವರ್ ಕಡೆ ಒಂದು ಸಾಲು ಸಾಕು:

ಸ್ಟ್ರಿಂಗ್[] ಊರುಗಳು = ರಿಕ್ವೆಸ್ಟ್.ಗೆಟ್‌ಪ್ಯಾರಾಮೀಟರ್‌ವ್ಯಾಲ್ಯೂಸ್("ಊರು");

ಕೊನೆಯ ‘ವ್ಯಾಲ್ಯೂಸ್’ ಬಿಟ್ಟು ಬರೀ ಗೆಟ್‌ಪ್ಯಾರಾಮೀಟರ್ ಕರೆದರೆ ಮೊದಲನೆಯದು ಮಾತ್ರ ಸಿಗುತ್ತದೆ. ಎರರ್ ಇಲ್ಲ, ಲಾಗ್‌ನಲ್ಲಿ ಒಂದಕ್ಷರ ಇಲ್ಲ. ಒಂದೇ ಊರಿಗೆ ಟಿಕ್ ಹಾಕಿ ಪರೀಕ್ಷೆ ಮಾಡಿದವರಿಗೆ ಇದು ಎಂದಿಗೂ ಗೊತ್ತಾಗುವುದಿಲ್ಲ. ಹೆಸರೇ ಬಾರದಿದ್ದರೆ ಸಿಗುವುದು ನಲ್ (ಏನೂ ಇಲ್ಲ ಎಂಬ ಗುರುತು), ಖಾಲಿ ಅರೇ ಅಲ್ಲ. ಹಾಗಾಗಿ ನೇರವಾಗಿ ಲೂಪ್‌ಗೆ ಹಾಕಿದರೆ ನಲ್‌ಪಾಯಿಂಟರ್. ಇನ್ನೊಂದು ಮಾತು: ಪೋಸ್ಟ್ ಕೋರಿಕೆಯಲ್ಲಿ (ಮಾಹಿತಿಯನ್ನು ಲಿಂಕ್‌ನ ಬದಲು ಒಡಲಲ್ಲಿ ಕಳಿಸುವ ಬಗೆ) ಯುಆರ್‌ಎಲ್‌ನಲ್ಲೂ ಫಾರ್ಮ್‌ನ ಒಡಲಲ್ಲೂ ಅದೇ ಹೆಸರಿದ್ದರೆ ಸರ್ವ್‌ಲೆಟ್ ಎರಡನ್ನೂ ಸೇರಿಸಿ ಕೊಡುತ್ತದೆ, ಯುಆರ್‌ಎಲ್‌ನದು ಮೊದಲು, ಒಡಲಿನದು ಆಮೇಲೆ. ಫಾರ್ಮ್‌ನ ಆಕ್ಷನ್‌ನಲ್ಲಿ ಹಳೆಯ ಕ್ವೆರಿ (ಪ್ರಶ್ನೆ ಚಿಹ್ನೆಯ ನಂತರದ ಭಾಗ) ಉಳಿದುಕೊಂಡಿದ್ದರೆ, ಟಿಕ್ ತೆಗೆದ ಊರು ಮತ್ತೆ ಮತ್ತೆ ಪಟ್ಟಿಯಲ್ಲಿ ಕಾಣಿಸುವುದು ಇದರಿಂದಲೇ.

ಕಳಿಸುವ ಕಡೆಯ ಅತಿ ಸಾಮಾನ್ಯ ತಪ್ಪು ಲಿಸ್ಟನ್ನು ಪ್ಲಸ್ ಹಾಕಿ ಸ್ಟ್ರಿಂಗ್‌ಗೆ ಜೋಡಿಸುವುದು. ಆಗ ಲಿಂಕ್‌ನಲ್ಲಿ ಕೂರುವುದು [3, 7, 12], ಚೌಕ ಆವರಣ ಮತ್ತು ಖಾಲಿ ಜಾಗಗಳ ಸಮೇತ. ಆ ಕಡೆ ಅದನ್ನು ಅಲ್ಪವಿರಾಮಕ್ಕೆ ಒಡೆದರೆ ಮೊದಲ ತುಂಡು ‘[3’, ಅಲ್ಲೇ ನಂಬರ್‌ಫಾರ್ಮ್ಯಾಟ್ ಎಕ್ಸೆಪ್ಶನ್. ಲಿಸ್ಟ್ ಬದಲು ಅರೇ ಇದ್ದರೆ ಪಾಡು ಇನ್ನೂ ಕೆಟ್ಟದ್ದು: ಬೆಲೆಗಳ ಜಾಗದಲ್ಲಿ ಅರೇಯ ವಿಧದ ಹೆಸರು, ಒಂದು ಅಟ್ ಚಿಹ್ನೆ, ಹಿಂದೆ ಹ್ಯಾಶ್ ಸಂಖ್ಯೆ. ಒಳಗಿದ್ದ ಊರುಗಳ ಸುಳಿವೇ ಇರುವುದಿಲ್ಲ.

ಅಲ್ಪವಿರಾಮದ ದಾರಿ ನೋಡಲು ಚಂದ. ಊರು=3,7,12 ಎಂದರೆ ಲಿಂಕ್ ಚಿಕ್ಕದು, ಕಣ್ಣಿಗೂ ಹಿತ. ಬರೀ ಸಂಖ್ಯೆಗಳಿಗೆ ನನ್ನ ತಕರಾರೂ ಇಲ್ಲ. ಆದರೆ ಸ್ಪ್ರಿಂಗ್ (ಜಾವಾ ವೆಬ್ ಕೆಲಸಕ್ಕೆ ಇರುವ ಸಿದ್ಧ ಚೌಕಟ್ಟು) ಬಳಸುವವರು ಒಂದು ವಿಚಾರ ತಿಳಿದಿರಬೇಕು. ಕಂಟ್ರೋಲರ್‌ನಲ್ಲಿ ರಿಕ್ವೆಸ್ಟ್‌ಪ್ಯಾರಂ ಹಾಕಿ ಸ್ಟ್ರಿಂಗ್‌ಗಳ ಲಿಸ್ಟ್ ಕೇಳಿದರೆ, ಬಂದಿರುವ ಬೆಲೆ ಒಂದೇ ಆಗಿದ್ದಾಗ ಸ್ಪ್ರಿಂಗ್ ಅದನ್ನು ಅಲ್ಪವಿರಾಮಕ್ಕೆ ಒಡೆಯುತ್ತದೆ. ಎರಡು ಅಥವಾ ಹೆಚ್ಚು ಬಂದಿದ್ದರೆ ಒಡೆಯುವುದಿಲ್ಲ. ದರ್ಜೆಯ ಹೆಸರೇ ‘ಪಟೋರ, ಒಂದನೇ ತರ’ ಎಂದಿದೆ ಅನ್ನಿ. ಅದೊಂದಕ್ಕೇ ಟಿಕ್ ಹಾಕಿದರೆ ಕಂಟ್ರೋಲರ್‌ಗೆ ಎರಡು ತುಂಡು ಸಿಗುತ್ತದೆ: ‘ಪಟೋರ’ ಮತ್ತು ‘ಒಂದನೇ ತರ’. ಅದರ ಜೊತೆಗೆ ಕರಿಗೋಟಿಗೂ ಟಿಕ್ ಹಾಕಿದರೆ ಸರಿಯಾಗಿ ಎರಡು ದರ್ಜೆ ಸಿಗುತ್ತದೆ. ಒಂದು ಆರಿಸಿದಾಗ ತಪ್ಪು, ಎರಡು ಆರಿಸಿದಾಗ ಸರಿ! ದೂರು ಕೊಟ್ಟವರು ಹೇಳಿದ್ದನ್ನು ಹಾಗೇ ಮರಳಿ ಮಾಡಿ ನೋಡದಿದ್ದರೆ ಇದರ ಬುಡ ಸಿಗುವುದಿಲ್ಲ ಮಾರಾಯ್ರೆ.

‘ಅಲ್ಪವಿರಾಮವನ್ನು ಎನ್‌ಕೋಡ್ ಮಾಡಿದರೆ ಆಯಿತಲ್ಲ’ ಎಂದು ತೋಚುತ್ತದೆ (ಅಂದರೆ ಅಕ್ಷರದ ಬದಲು ಪರ್ಸೆಂಟ್ ಚಿಹ್ನೆ ಹಾಕಿದ ಸಂಕೇತ ಬರೆಯುವುದು). ಆಗುವುದಿಲ್ಲ. %2ಸಿ ಎಂದು ಬರೆದು ಕಳಿಸಿದರೂ ಟಾಮ್‌ಕ್ಯಾಟ್ (ಸರ್ವ್‌ಲೆಟ್‌ಗಳನ್ನು ಓಡಿಸುವ ಸರ್ವರ್) ಅದನ್ನು ಮೊದಲು ಬಿಡಿಸಿ ಅಲ್ಪವಿರಾಮವನ್ನೇ ಸ್ಪ್ರಿಂಗ್‌ನ ಕೈಗೆ ಕೊಡುತ್ತದೆ, ಒಡೆಯುವ ಕೆಲಸ ನಡೆಯುವುದು ಅದರ ನಂತರ. ನಿಜವಾದ ಬೇರ್ಪಡಿಕೆಯ ಗುರುತು ಯಾವುದು, ಹೆಸರಿನೊಳಗಿನದು ಯಾವುದು ಎಂಬ ವ್ಯತ್ಯಾಸ ಅಷ್ಟರಲ್ಲಿ ಅಳಿಸಿಹೋಗಿರುತ್ತದೆ. ಉಳಿಸಿಕೊಳ್ಳಬೇಕಾದರೆ ಗೆಟ್‌ಕ್ವೆರಿಸ್ಟ್ರಿಂಗ್‌ನಿಂದ ಬಿಡಿಸದ ಪಠ್ಯ ತೆಗೆದು, ಮೊದಲು ಒಡೆದು, ಆಮೇಲೆ ಪ್ರತಿ ತುಂಡನ್ನು ಡಿಕೋಡ್ ಮಾಡಬೇಕು. ಅಷ್ಟು ಕಷ್ಟ ಯಾಕೆ? ರಿಕ್ವೆಸ್ಟ್‌ಪ್ಯಾರಂ ಹಾಕಿ ಮಲ್ಟಿವ್ಯಾಲ್ಯೂಮ್ಯಾಪ್ ಕೇಳಿದರೆ ಸ್ಪ್ರಿಂಗ್ ಏನನ್ನೂ ಒಡೆಯದೆ ಬಂದದ್ದನ್ನು ಬಂದ ಹಾಗೆ ಕೊಡುತ್ತದೆ. ಸಾದಾ ಮ್ಯಾಪ್ ಕೇಳಬೇಡಿ, ಅದರಲ್ಲಿ ಪ್ರತಿ ಹೆಸರಿಗೂ ಮೊದಲ ಬೆಲೆ ಮಾತ್ರ.

ಅಲ್ಪವಿರಾಮದ್ದೇ ಇನ್ನೊಂದು ಉಪದ್ರ ಖಾಲಿ ತುಂಡುಗಳು. ಜಾವಾದ ಸ್ಪ್ಲಿಟ್ ‘3,7,’ ಎಂಬುದರಿಂದ ಎರಡೇ ತುಂಡು ಕೊಡುತ್ತದೆ, ಬಾಲದ ಖಾಲಿಯನ್ನು ಬಿಸಾಡುತ್ತದೆ. ಸ್ಪ್ರಿಂಗ್ ಬಿಸಾಡುವುದಿಲ್ಲ. ಪೂರ್ಣಾಂಕಗಳ ಲಿಸ್ಟ್ ಕೇಳಿದ್ದರೆ ಮೂರನೆಯ ಜಾಗದಲ್ಲಿ ನಲ್ ಕೂತಿರುತ್ತದೆ. ‘3,,7’ ಎಂದರೆ ನಲ್ ನಡುವೆ. ಲಿಸ್ಟ್ ಕೈಗೆ ಬಂದ ಕೂಡಲೇ ನಲ್‌ಗಳನ್ನು ಸೋಸಿ, ಲಿಂಕ್ಡ್‌ಹ್ಯಾಶ್‌ಸೆಟ್‌ಗೆ ಹಾಕಿ ಪುನರಾವರ್ತನೆ ತೆಗೆಯಿರಿ. ಮೂರು ಸಾಲಿನ ಕೆಲಸ.

ಚೌಕ ಆವರಣದ ರೂಢಿ ಪಿಎಚ್‌ಪಿಯಿಂದ ಬಂದದ್ದು: ಊರು[]=3&ಊರು[]=7. ಪಿಎಚ್‌ಪಿಗೆ ಆ ಆವರಣ ‘ಇದು ಪಟ್ಟಿ’ ಎಂಬ ಗುರುತು, ಸರ್ವ್‌ಲೆಟ್‌ಗೆ ಅದು ಹೆಸರಿನದೇ ಎರಡು ಅಕ್ಷರ. ‘ಊರು’ ಎಂದು ಕೇಳಿದರೆ ನಲ್, ‘ಊರು[]’ ಎಂದೇ ಕೇಳಬೇಕು. ನೀವು ಬರೆಯದಿದ್ದರೂ ಇದು ನುಸುಳುತ್ತದೆ, ಯಾಕೆಂದರೆ ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ ಅಜಾಕ್ಸ್ ಅರೇ ಕಂಡರೆ ತಾನೇ ಆವರಣ ಸೇರಿಸುತ್ತದೆ. ಟ್ರೆಡಿಷನಲ್ ಎಂಬ ಆಯ್ಕೆಗೆ ಟ್ರೂ ಕೊಟ್ಟರೆ ನಿಲ್ಲಿಸುತ್ತದೆ. ಆಕ್ಸಿಯೋಸ್ ಎಂಬ ಲೈಬ್ರರಿ ಕೂಡ ಹಾಗೇ. ಅದರ 1ನೇ ಸರಣಿಯಲ್ಲಿ ಪ್ಯಾರಮ್ಸ್‌ಸೀರಿಯಲೈಸರ್ ಒಳಗೆ ಇಂಡೆಕ್ಸಸ್‌ಗೆ ನಲ್ ಕೊಡಬೇಕು. ಇದರ ಮೇಲೆ ಟಾಮ್‌ಕ್ಯಾಟ್‌ನದೂ ಒಂದು ಪೆಟ್ಟು. ಯುಆರ್‌ಎಲ್ ಬರೆಯುವ ನಿಯಮ ಹೇಳುವ 2005ರ ಆರ್‌ಎಫ್‌ಸಿ 3986ರ ಪ್ರಕಾರ ಕ್ವೆರಿಯಲ್ಲಿ ಚೌಕ ಆವರಣ ಹಸಿಯಾಗಿ ಬರುವ ಹಾಗಿಲ್ಲ, ಬಂದರೆ ಟಾಮ್‌ಕ್ಯಾಟ್ ನಿಮ್ಮ ಕೋಡ್‌ವರೆಗೆ ಬಿಡದೆ ಬಾಗಿಲಲ್ಲೇ 400 (ಕೋರಿಕೆಯೇ ತಪ್ಪು ಎಂಬ ಉತ್ತರ ಸಂಖ್ಯೆ) ಎಂದು ತಿರುಗಿಸಿ ಕಳಿಸುತ್ತದೆ. ಬ್ರೌಸರ್‌ಗೋ ಆ ಕಾಳಜಿ ಇಲ್ಲ, ವಿಳಾಸದ ಪೆಟ್ಟಿಗೆಯಲ್ಲಿ ಬರೆದ ಚೌಕ ಆವರಣವನ್ನೂ ನೆಟ್ಟಗಿನ ಗೆರೆಯನ್ನೂ ಹಾಗೇ ಕಳಿಸಿಬಿಡುತ್ತದೆ. ರಿಲ್ಯಾಕ್ಸ್ಡ್‌ಕ್ವೆರಿಚಾರ್ಸ್ ಎಂಬ ಸೆಟ್ಟಿಂಗ್‌ನಿಂದ ಸಡಿಲ ಮಾಡಬಹುದು. ಹೊಸದಾಗಿ ಕಟ್ಟುವ ಅಪ್ಲಿಕೇಶನ್‌ಗೆ ಅದನ್ನು ಮುಟ್ಟಬೇಡಿ, ಆವರಣವನ್ನೇ ಬಿಡಿ.

ಇನ್ನು ನಮ್ಮ ಊರಿನವರಿಗೆ ವಿಶೇಷವಾಗಿ ತಟ್ಟುವ ಭಾಗ: ಲಿಂಕ್‌ನಲ್ಲಿ ಊರಿನ ಹೆಸರು ಹಾಕಬೇಕೋ, ಕೋಡ್ ಸಂಖ್ಯೆ ಹಾಕಬೇಕೋ?

ಊರು=ಮಂಜೇಶ್ವರ ಎಂಬುದು ಓದಲು ಚಂದವೇ. ಆದರೆ ತಂತಿಯಲ್ಲಿ ಹೋಗುವುದು ಬೇರೆ. ಕನ್ನಡದ ಪ್ರತಿ ಯೂನಿಕೋಡ್ ಅಕ್ಷರ ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ ಮೂರು ಬೈಟ್, ಪ್ರತಿ ಬೈಟ್‌ಗೂ ಪರ್ಸೆಂಟ್ ಚಿಹ್ನೆ ಸೇರಿ ಮೂರು ಅಕ್ಷರ. ಒಟ್ಟು ಒಂಬತ್ತು. ‘ಮಂಜೇಶ್ವರ’ದಲ್ಲಿ ಮ, ಸೊನ್ನೆ, ಜ, ಏತ್ವ, ಶ, ಹಲಂತ, ವ, ರ ಎಂದು ಎಂಟು, ಅಲ್ಲಿಗೆ 72. ‘ಡಬ್ಬಲ್ ಚೋಲ್’ ಖಾಲಿ ಜಾಗಕ್ಕೆ ಪ್ಲಸ್ ಹಾಕಿದರೂ 91. ವಾಟ್ಸಾಪ್‌ನಲ್ಲಿ ಇಂಥ ಲಿಂಕ್ ಅರ್ಧ ಪರದೆ ತುಂಬಿ ನಿಲ್ಲುವುದನ್ನು ಎಲ್ಲರೂ ಕಂಡಿದ್ದೇವೆ.

ಉದ್ದಕ್ಕಿಂತ ದೊಡ್ಡ ತೊಂದರೆ ಹೆಸರು ಒಂದೇ ರೂಪದಲ್ಲಿ ಇರದಿರುವುದು. ಮಂಗಲ್ಪಾಡಿ ಎಂದು ಒತ್ತಕ್ಷರ ಹಾಕಿ ಬರೆಯುವವರಿದ್ದಾರೆ, ಮಂಗಲ್‌ಪಾಡಿ ಎಂದು ಬಿಡಿಸಿ ಬರೆಯುವವರಿದ್ದಾರೆ. ಎರಡನೆಯದರ ಹೊಟ್ಟೆಯಲ್ಲಿ ಕಾಣದ ಒಂದು ಅಕ್ಷರ ಕೂತಿದೆ, ಸೊನ್ನೆ ಅಗಲದ ನಾನ್‌ಜಾಯಿನರ್. ಅದೂ ಮೂರು ಬೈಟ್. ಈಕ್ವಲ್ಸ್‌ನಿಂದ ಹೋಲಿಸಿದರೆ ಫಾಲ್ಸ್. ಓತ್ವ, ಏತ್ವ ಇರುವ ಅಕ್ಷರಗಳನ್ನೂ ಒಂದೇ ಚಿಹ್ನೆಯಾಗಿ ಅಥವಾ ಎತ್ವ, ಊತ್ವ, ದೀರ್ಘ ಎಂದು ತುಂಡುತುಂಡಾಗಿ ಟೈಪ್ ಮಾಡಿರಬಹುದು. ಪರದೆಯ ಮೇಲೆ ‘ಕಾಸರಗೋಡು’ ಎರಡೂ ಒಂದೇ ತರ, ಬೈಟ್‌ಗಳು ಬೇರೆ. ತುಂಡುಗಳನ್ನು ಜಾವಾದ ನಾರ್ಮಲೈಜರ್ ಎನ್‌ಎಫ್‌ಸಿ ರೂಪಕ್ಕೆ ತಂದು ಕೂಡಿಸುತ್ತದೆ, ಆದರೆ ಆ ಕಾಣದ ನಾನ್‌ಜಾಯಿನರನ್ನು ಅದು ಮುಟ್ಟುವುದಿಲ್ಲ. ಅದನ್ನು ನೀವೇ ರಿಪ್ಲೇಸ್ ಮಾಡಿ ತೆಗೆಯಬೇಕು.

ಇದರ ಮೇಲೆ ಎರಡು ಭಾಷೆಯ ಪುಟ. ಕನ್ನಡದಲ್ಲಿ ಮಂಜೇಶ್ವರ, ಮಲಯಾಳದಲ್ಲಿ ಮಂಜೇಶ್ವರಂ. ನಮಗೆ ಕುಂಬಳೆ, ಅವರಿಗೆ ಕುಂಬಳ. ಕನ್ನಡ ಪುಟದಿಂದ ಕಳಿಸಿದ ಲಿಂಕನ್ನು ಮಲಯಾಳ ಪುಟ ಇಟ್ಟುಕೊಂಡವರು ತೆರೆದರೆ ಏನೂ ಸಿಗದೆ ಖಾಲಿ ಪಟ್ಟಿ ಬರಬಾರದಲ್ಲ. ಆದ್ದರಿಂದ ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತಿಲ್ಲ: ಲಿಂಕ್‌ನಲ್ಲಿ ಸಂಖ್ಯೆಯ ಕೋಡ್, ಪುಟದಲ್ಲಿ ಹೆಸರು. ಕಾಸರಗೋಡು ಜಿಲ್ಲೆಯಲ್ಲಿ ಇರುವುದೇ 38 ಗ್ರಾಮ ಪಂಚಾಯತ್, 3 ನಗರಸಭೆ. ಎಲ್ಲ 41ಕ್ಕೂ ಟಿಕ್ ಹಾಕಿದರೂ ಎರಡಂಕಿಯ ಕೋಡ್ ಇದ್ದರೆ ಒಂದೊಂದಕ್ಕೆ ಹೆಚ್ಚೆಂದರೆ ಹತ್ತು ಅಕ್ಷರ, ಒಟ್ಟು ನಾನೂರರ ಆಸುಪಾಸು.

ಹೆಸರನ್ನೇ ಕಳಿಸಲೇಬೇಕಾದ ಹುಡುಕುಪೆಟ್ಟಿಗೆಯಂಥ ಜಾಗದಲ್ಲಿ ಟಾಮ್‌ಕ್ಯಾಟ್ 7 ಅಥವಾ ಅದಕ್ಕೂ ಹಳೆಯದು ಇನ್ನೂ ಓಡುತ್ತಿದ್ದರೆ, ಕನೆಕ್ಟರ್‌ನ ಯುಆರ್‌ಐಎನ್‌ಕೋಡಿಂಗ್‌ಗೆ ಯುಟಿಎಫ್-8 ಎಂದು ಕೈಯಾರೆ ಬರೆಯಬೇಕು. ಅದರ ಮೂಲ ಸೆಟ್ಟಿಂಗ್ ಐಎಸ್‌ಒ-8859-1, ಕನ್ನಡವೆಲ್ಲ ಕಲಸುಮೇಲೋಗರ ಆಗುತ್ತದೆ. 8ರಿಂದ ಈಚೆಗೆ ಯುಟಿಎಫ್-8 ತಾನಾಗಿ ಇದೆ.

ಕನ್ನಡ ಅಂಕಿಗಳದ್ದು ಒಂದು ತಮಾಷೆ. ಯಾರಾದರೂ ಊರು=೧೨ ಎಂದು ಟೈಪ್ ಮಾಡಿದರೆ ಇಂಟಿಜರ್‌ನ ಪಾರ್ಸ್‌ಇಂಟ್ ಅದನ್ನು ಸಲೀಸಾಗಿ 12 ಎಂದು ಓದುತ್ತದೆ! ಯೂನಿಕೋಡ್‌ನ ಯಾವ ಲಿಪಿಯ ದಶಮಾಂಕಿಯಾದರೂ ಅದಕ್ಕೆ ಸರಿ. ಆದರೆ ರೆಗೆಕ್ಸ್‌ನ (ಪಠ್ಯವನ್ನು ಮಾದರಿಗೆ ಹೋಲಿಸುವ ಬರಹ) ಅಂಕಿ ಗುರುತು ಮೂಲ ಸ್ಥಿತಿಯಲ್ಲಿ 0ಯಿಂದ 9ರವರೆಗಿನ ಇಂಗ್ಲಿಷ್ ಅಂಕಿಗಳನ್ನು ಮಾತ್ರ ಒಪ್ಪುತ್ತದೆ. ರೆಗೆಕ್ಸ್‌ನಿಂದ ತಪಾಸಣೆ ಮಾಡುವ ಒಂದು ಪುಟ ತಿರಸ್ಕರಿಸಿದ ಲಿಂಕನ್ನು ಪಕ್ಕದ ಪುಟ ಒಪ್ಪಿಕೊಂಡರೆ ಕಾರಣ ಇದು. ಸಂಖ್ಯೆಗೆ ಪರಿವರ್ತಿಸಿದ ಮೇಲಿನ ಬೆಲೆಯನ್ನೇ ಕ್ಯಾಶ್‌ನ (ಒಮ್ಮೆ ಮಾಡಿದ ಪುಟವನ್ನು ಮರುಬಳಕೆಗೆ ಇಡುವ ಜಾಗ) ಕೀಲಿಗೂ ಹೊಸ ಲಿಂಕ್‌ಗೂ ಬಳಸಿ, ಬಂದ ಪಠ್ಯವನ್ನಲ್ಲ. ಜೊತೆಗೆ ಕೋಡ್‌ಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ. 3,7 ಮತ್ತು 7,3 ಕ್ಯಾಶ್‌ಗೆ ಎರಡು ಬೇರೆ ಪುಟಗಳು.

ಲಿಂಕ್ ಕಟ್ಟುವಾಗ ಕೈಯಲ್ಲಿ ಅಂಟಿಸುವುದಕ್ಕಿಂತ ಇರುವ ಉಪಕರಣ ಬಳಸುವುದು ಒಳ್ಳೆಯದು. ಸ್ಪ್ರಿಂಗ್‌ನ ಯುಆರ್‌ಐಕಾಂಪೊನೆಂಟ್ಸ್‌ಬಿಲ್ಡರ್‌ನ ಕ್ವೆರಿಪ್ಯಾರಂಗೆ ಕಲೆಕ್ಷನ್ ಕೊಟ್ಟರೆ ಹೆಸರನ್ನು ಅದೇ ಪುನರಾವರ್ತಿಸುತ್ತದೆ. ಪುಟ ಕಟ್ಟಲು ಬಳಸುವ ಥೈಮ್‌ಲೀಫ್‌ನ ಲಿಂಕ್ ಬರಹದಲ್ಲಿ ಪ್ಯಾರಾಮೀಟರ್‌ಗೆ ಲಿಸ್ಟ್ ಕೊಟ್ಟರೂ ಹಾಗೇ. ಜೆಎಸ್‌ಪಿಯಲ್ಲಿ ಸಿ:ಯುಆರ್‌ಎಲ್ ಒಳಗೆ ಸಿ:ಫಾರ್‌ಈಚ್, ಅದರೊಳಗೆ ಸಿ:ಪ್ಯಾರಂ. ಬ್ರೌಸರ್ ಕಡೆಯಾದರೆ ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್‌ನ ಅಪೆಂಡ್ ಕರೆಯಬೇಕು. ಸೆಟ್ ಕರೆದರೆ ಹಿಂದಿನದು ಅಳಿದು ಕೊನೆಯ ಊರು ಒಂದೇ ಉಳಿಯುತ್ತದೆ.

ಬರೀ ಜಾವಾದಲ್ಲೇ ಕಟ್ಟುವವರಿಗೆ ಯುಆರ್‌ಎಲ್‌ಎನ್‌ಕೋಡರ್ ಉಂಟು. ಪ್ರತಿ ಬೆಲೆಯನ್ನು ಬೇರೆ ಬೇರೆಯಾಗಿ ಅದಕ್ಕೆ ಕೊಡಿ. ಇಡೀ ಕ್ವೆರಿಯನ್ನು ಕೊಟ್ಟರೆ ಜೋಡಿಗಳ ನಡುವಿನ ಆಂಪರ್ಸಂಡ್ ಕೂಡ %26 ಆಗಿ, ಪಟ್ಟಿ ಒಂದೇ ಮುದ್ದೆಯಾಗುತ್ತದೆ. ಎನ್‌ಕೋಡ್ ಮಾಡಿದ್ದನ್ನು ಮತ್ತೆ ಎನ್‌ಕೋಡ್ ಮಾಡಿದರೆ ಪರ್ಸೆಂಟ್‌ಗಳೆಲ್ಲ %25, ಲಿಂಕ್‌ನಲ್ಲಿ ಈ ಅಂಕಿ ಪದೇ ಪದೇ ಕಂಡರೆ ಅದೇ ರೋಗ. ಇನ್ನು ಪ್ಲಸ್ ಚಿಹ್ನೆ: ಫೋನ್ ನಂಬರ್‌ಗಳ ಪಟ್ಟಿಯಲ್ಲಿ +91 ಅನ್ನು ಹಸಿಯಾಗಿ ಕಳಿಸಿದರೆ ಸರ್ವರ್‌ಗೆ ತಲುಪುವುದು ಒಂದು ಖಾಲಿ ಜಾಗ, ಆಮೇಲೆ 91. ಮೇಲೆ ಹೇಳಿದ ಸ್ಪ್ರಿಂಗ್ ಬಿಲ್ಡರ್‌ನಲ್ಲಿ ಮೊದಲು ಬಿಲ್ಡ್ ಕರೆದು ಆಮೇಲೆ ಎನ್‌ಕೋಡ್ ಕರೆದರೆ ಪ್ಲಸ್ ಹಾಗೇ ಉಳಿಯುತ್ತದೆ. ಬೆಲೆಯ ಜಾಗದಲ್ಲಿ ಟೆಂಪ್ಲೇಟ್ ಹೆಸರು ಇಟ್ಟು, ಮೊದಲು ಎನ್‌ಕೋಡ್, ಆಮೇಲೆ ಬಿಲ್ಡ್‌ಅಂಡ್‌ಎಕ್ಸ್‌ಪಾಂಡ್ ಕರೆದರೆ ಅದೂ ಎನ್‌ಕೋಡ್ ಆಗುತ್ತದೆ.

ಎಷ್ಟು ಉದ್ದ ಹೋಗಬಹುದು? ಟಾಮ್‌ಕ್ಯಾಟ್‌ನಲ್ಲಿ ಕೋರಿಕೆಯ ಮೊದಲ ಸಾಲು ಮತ್ತು ಎಲ್ಲ ಹೆಡರ್‌ಗಳು (ಕೋರಿಕೆಯ ಜೊತೆ ಹೋಗುವ ಮಾಹಿತಿ ಸಾಲುಗಳು) ಸೇರಿ ಮೂಲ ಮಿತಿ 8,192 ಬೈಟ್. ಕುಕಿಗಳೂ ಅದರಲ್ಲೇ ಪಾಲು ಕೇಳುತ್ತವೆ. ‘ಮಂಜೇಶ್ವರ’ದಷ್ಟು ಉದ್ದದ ಕನ್ನಡ ಹೆಸರುಗಳಾದರೆ, ಇಂಗ್ಲಿಷ್‌ನಲ್ಲಿ ಬರೆದ ಪ್ಯಾರಾಮೀಟರ್ ಹೆಸರು, ಸಮ ಚಿಹ್ನೆ, ಆಂಪರ್ಸಂಡ್ ಸೇರಿ ಒಂದೊಂದಕ್ಕೆ ಸುಮಾರು 80. ನೂರು ಹೆಸರಾಗುವ ಮೊದಲೇ 400. ಟಾಮ್‌ಕ್ಯಾಟ್‌ನ ಮುಂದೆ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಇದ್ದರೆ ಅದರ ಮೂಲ ಮಿತಿಯೂ ಒಂದು ಸಾಲಿಗೆ 8 ಕೆಬಿ, ಮೀರಿದರೆ ಅದು ಕೊಡುವುದು 414 (ವಿಳಾಸ ತೀರಾ ಉದ್ದ ಎಂಬ ಉತ್ತರ). ಅಪಾಚೆ ವೆಬ್ ಸರ್ವರ್‌ನ ಲಿಮಿಟ್‌ರಿಕ್ವೆಸ್ಟ್‌ಲೈನ್ 8,190, ಉತ್ತರ ಅದೇ 414. ಯಾವ ಸಂಖ್ಯೆ ಬಂತು ಎಂಬುದನ್ನು ನೋಡಿಯೇ ಯಾವ ಬಾಗಿಲಲ್ಲಿ ತಡೆ ಬಿತ್ತು ಎಂದು ಊಹಿಸಬಹುದು.

ಎಷ್ಟು ಪ್ಯಾರಾಮೀಟರ್ ಬರಬಹುದು ಎಂಬ ಎಣಿಕೆಯ ಮಿತಿ ಇದಕ್ಕಿಂತ ಮೋಸದ್ದು. ಮ್ಯಾಕ್ಸ್‌ಪ್ಯಾರಾಮೀಟರ್‌ಕೌಂಟ್ ಹಳೆಯ ಟಾಮ್‌ಕ್ಯಾಟ್‌ಗಳಲ್ಲಿ 10,000 ಇತ್ತು, ಈಚಿನವುಗಳಲ್ಲಿ 1,000. ಒಂದೇ ಹೆಸರು ಎಷ್ಟು ಸಲ ಬಂದರೆ ಅಷ್ಟು ಎಣಿಕೆ, ಪೋಸ್ಟ್‌ನ ಫಾರ್ಮ್‌ನಲ್ಲಿ ಬಂದದ್ದೂ ಸೇರುತ್ತದೆ. ಮಿತಿ ಮೀರಿದರೆ 10.1ರವರೆಗಿನ ಟಾಮ್‌ಕ್ಯಾಟ್‌ಗಳು ಉಳಿದದ್ದನ್ನು ಸುಮ್ಮನೆ ಬಿಟ್ಟು ಮುಂದೆ ಹೋಗುತ್ತವೆ. 1,200 ಸದಸ್ಯರಿಗೆ ಟಿಕ್ ಹಾಕಿ ‘ಉಳಿಸು’ ಒತ್ತಿದಾಗ ಕೊನೆಯ ಇನ್ನೂರು ಮಂದಿ ಮಾಯ, ಪುಟ ಮಾತ್ರ ‘ಉಳಿಸಲಾಗಿದೆ’ ಎನ್ನುತ್ತದೆ. ಆವೃತ್ತಿ ಏರಿಸಿದ ಮೇಲೆ ಇದು ಶುರುವಾದರೆ ನಿಮ್ಮ ಕೋಡ್‌ನಲ್ಲಿ ಹುಡುಕಬೇಡಿ. ಫೇಲ್ಡ್‌ರಿಕ್ವೆಸ್ಟ್‌ಫಿಲ್ಟರ್ ಎಂಬ ಫಿಲ್ಟರ್ ಸೇರಿಸಿದರೆ ಇಂಥ ಕೋರಿಕೆಯನ್ನು ಅದು ತಿರಸ್ಕರಿಸುತ್ತದೆ, ಕನಿಷ್ಠ ಗೊತ್ತಾದರೂ ಆಗುತ್ತದೆ. ಸ್ಪ್ರಿಂಗ್‌ನಲ್ಲಿ ಸಾಲುಗಳನ್ನು ಸದಸ್ಯರು[0].ಹೆಸರು ಎಂದು ಸೂಚ್ಯಂಕ ಹಾಕಿ ಆಬ್ಜೆಕ್ಟ್‌ಗೆ ತುಂಬಿಸುವವರಿಗೆ ಇನ್ನೊಂದು ಗಡಿ 256, ಆಟೋಗ್ರೋಕಲೆಕ್ಷನ್‌ಲಿಮಿಟ್‌ನ ಮೂಲ ಬೆಲೆ ಅಷ್ಟೇ. ಅದು ಕನಿಷ್ಠ ಕೂಗಿ ಹೇಳುತ್ತದೆ.

ಯಾವುದಕ್ಕೂ ಟಿಕ್ ಹಾಕದಿದ್ದರೆ ಚೆಕ್‌ಬಾಕ್ಸ್ ಏನನ್ನೂ ಕಳಿಸುವುದಿಲ್ಲ. ಹಾಗಾದರೆ ‘ಊರು’ ಇಲ್ಲದ ಲಿಂಕ್‌ನ ಅರ್ಥ ಎಲ್ಲ ಊರುಗಳೋ, ಯಾವ ಊರೂ ಅಲ್ಲವೋ? ದರದ ಪುಟಕ್ಕೆ ‘ಎಲ್ಲ’ ಎಂಬುದೇ ಸಹಜ. ಅಳಿಸುವ ಪುಟಕ್ಕೆ ಹಾಗೆ ಮಾಡಿದರೆ ಮನೆ ಹಾಳು. ಸ್ಪ್ರಿಂಗ್‌ನಲ್ಲಿ ರಿಕ್ವೆಸ್ಟ್‌ಪ್ಯಾರಂ ಕಡ್ಡಾಯ ಎಂಬುದೇ ಮೂಲ ಸ್ಥಿತಿ, ಇಲ್ಲದಿದ್ದರೆ 400. ಕಡ್ಡಾಯ ತೆಗೆದರೆ ನಲ್ ಬರುತ್ತದೆ. ಊರು= ಎಂದು ಬೆಲೆ ಇಲ್ಲದೆ ಬಂದರೆ ಖಾಲಿ ಲಿಸ್ಟ್, ಡಿಫಾಲ್ಟ್ ಬೆಲೆ ಕೊಟ್ಟಿದ್ದರೆ ಆಗಲೂ ಆ ಡಿಫಾಲ್ಟೇ. ಸ್ಪ್ರಿಂಗ್ ಬದಲು ಕೆಲವರು ಬಳಸುವ ಜಾಕ್ಸ್-ಆರ್‌ಎಸ್ ಈ ವಿಚಾರದಲ್ಲಿ ಮರ್ಯಾದಸ್ಥ: ಕ್ವೆರಿಪ್ಯಾರಂ ಹಾಕಿ ಲಿಸ್ಟ್ ಕೇಳಿದರೆ ಏನೂ ಇಲ್ಲದಾಗ ಖಾಲಿ ಲಿಸ್ಟ್ ಕೊಡುತ್ತದೆ, ಅಲ್ಪವಿರಾಮಕ್ಕೆ ಕೈ ಹಾಕುವುದೂ ಇಲ್ಲ.

ಖಾಲಿ ಲಿಸ್ಟ್ ಡೇಟಾಬೇಸ್‌ವರೆಗೆ ತಲುಪಿದರೆ ಪಟ್ಟಿಯಲ್ಲಿ ಹುಡುಕುವ ‘ಇನ್’ ಪದದ ನಂತರದ ಆವರಣ ಬರಿದಾಗಿ ಬಹುತೇಕ ಕಡೆ ಎಸ್‌ಕ್ಯೂಎಲ್ ಸಿಂಟ್ಯಾಕ್ಸ್ ಎರರ್. ಕ್ವೆರಿಗೆ ಮೊದಲೇ ಖಾಲಿಯೋ ಎಂದು ನೋಡಿ ಬೇರೆ ದಾರಿ ಹಿಡಿಯಿರಿ. ಬಂದ ಬೆಲೆಗಳನ್ನು ನೇರವಾಗಿ ಎಸ್‌ಕ್ಯೂಎಲ್‌ಗೆ ಅಂಟಿಸಬಾರದು ಎಂದು ಬೇರೆ ಹೇಳಬೇಕಿಲ್ಲ. ಪೋಸ್ಟ್‌ಗ್ರೆಸ್ ಆದರೆ ಕನೆಕ್ಷನ್‌ನ ಕ್ರಿಯೇಟ್‌ಅರೇಆಫ್‌ನಿಂದ ಅರೇ ಮಾಡಿ ‘= ಎನಿ(?)’ ಎಂದು ಒಂದೇ ಪ್ರಶ್ನೆ ಚಿಹ್ನೆಗೆ ಕೊಡಬಹುದು, ಲಿಸ್ಟ್ ಎಷ್ಟೇ ಉದ್ದವಿದ್ದರೂ ಎಸ್‌ಕ್ಯೂಎಲ್ ಬದಲಾಗುವುದಿಲ್ಲ.

ಐವತ್ತು ದಾಟುವ ಪಟ್ಟಿಯನ್ನು ನಾನು ಲಿಂಕ್‌ಗೆ ಹಾಕುವುದಿಲ್ಲ. ಪೋಸ್ಟ್‌ನ ಒಡಲಲ್ಲಿ ಜೇಸನ್ ಆಗಿ ಕಳಿಸಿದರೆ ಪ್ಯಾರಾಮೀಟರ್ ಎಣಿಕೆಯ ತಂಟೆಯೇ ಇಲ್ಲ. ಹಂಚಿಕೊಳ್ಳುವ ಲಿಂಕ್ ಬೇಕೇ ಬೇಕು ಎಂದಾದರೆ ಆಯ್ಕೆಯನ್ನು ಒಂದು ಟೇಬಲ್‌ನಲ್ಲಿ ಉಳಿಸಿ, ಊಹಿಸಲಾಗದ ಒಂದು ಕೀಲಿ ಕೊಟ್ಟು, ಲಿಂಕ್‌ನಲ್ಲಿ ಆ ಕೀಲಿ ಮಾತ್ರ ಇಡಿ.

ಪರೀಕ್ಷೆ ಮಾಡುವಾಗ ಕರ್ಲ್ (ಆಜ್ಞೆ ಬರೆದು ಕೋರಿಕೆ ಕಳಿಸುವ ಉಪಕರಣ) ಬಳಸುವವರು ವಿಳಾಸವನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು. ಇಡದಿದ್ದರೆ ಶೆಲ್ ಮೊದಲ ಆಂಪರ್ಸಂಡ್‌ನಲ್ಲೇ ಕತ್ತರಿಸಿ ಆಜ್ಞೆಯನ್ನು ಹಿನ್ನೆಲೆಗೆ ತಳ್ಳುತ್ತದೆ, ಸರ್ವರ್‌ಗೆ ಹೋಗುವುದು ಒಂದೇ ಊರು, ಬೈಸಿಕೊಳ್ಳುವುದು ಸರ್ವ್‌ಲೆಟ್. ಚೌಕ ಆವರಣ ಇದ್ದರೆ ಕರ್ಲ್ ತಾನೇ ಅದನ್ನು ಶ್ರೇಣಿಯ ಗುರುತು ಎಂದು ತಿಳಿಯುತ್ತದೆ, ಸಣ್ಣ ‘ಜಿ’ ಆಯ್ಕೆ ಕೊಟ್ಟು ಅದನ್ನು ನಿಲ್ಲಿಸಿ. ಕನ್ನಡ ಹೆಸರುಗಳಿಗೆ ದೊಡ್ಡ ‘ಜಿ’ ಆಯ್ಕೆಯ ಜೊತೆ ಡೇಟಾ-ಯುಆರ್‌ಎಲ್‌ಎನ್‌ಕೋಡ್ ಅನ್ನು ಪ್ರತಿ ಊರಿಗೂ ಒಂದೊಂದು ಸಲ ಬರೆದರೆ ಎನ್‌ಕೋಡ್ ಮಾಡುವುದೂ ಜೋಡಿಸುವುದೂ ಅದರದೇ ಕೆಲಸ. ಶೂನ್ಯ ಊರು, ಒಂದು ಊರು, ಎರಡು ಊರು, ಅಲ್ಪವಿರಾಮ ಇರುವ ಒಂದೇ ದರ್ಜೆ, ಬಾಲದಲ್ಲಿ ಅಲ್ಪವಿರಾಮ, ಮಂಗಲ್ಪಾಡಿಯ ಎರಡೂ ರೂಪ, ಆಮೇಲೆ 1,001 ಬೆಲೆಗಳ ಒಂದು ಫಾರ್ಮ್. ಈ ಏಳನ್ನು ಓಡಿಸಿ ನೋಡಿದ ಮೇಲೆ ಲಿಂಕನ್ನು ಭಾವನಿಗೆ ಕಳಿಸಬಹುದು.